ದಿವಾಳಿ ಕೇಸಿಗೆ ಲಾಯರ್ ಬೇಕೇ? ಹತ್ತಿರದವರನ್ನೇ ಹಿಡಿಯಿರಿ

ನಮಸ್ಕಾರ ಕೇಳುಗರೇ. ಇವತ್ತಿನ ಮಾತು ಸಾಲದ್ದು. ಅದೂ ತೀರಿಸಲಾಗದ ಸಾಲದ್ದು.

ಅಮೆರಿಕದಲ್ಲಿರುವ ನಮ್ಮ ಜನ ಮನೆ, ಕಾರು, ಗ್ರೀನ್ ಕಾರ್ಡು, ಮಕ್ಕಳ ಕಾಲೇಜು ಅಂದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಬ್ಯಾಂಕ್‌ರಪ್ಟ್‌ಸಿ, ಅಂದರೆ ದಿವಾಳಿ, ಅಂದ ಕೂಡಲೇ ದನಿ ತಗ್ಗುತ್ತದೆ. ಕೆಲಸ ಹೋಗಿ, ಕ್ರೆಡಿಟ್ ಕಾರ್ಡಿನ ಮೇಲೆ ಸಂಸಾರ ನಡೆಸಿ, ಒಂದು ಕಾರ್ಡಿನ ಸಾಲವನ್ನು ಇನ್ನೊಂದಕ್ಕೆ ದಾಟಿಸಿ, ಕೊನೆಗೆ ಆಸ್ಪತ್ರೆಯ ಬಿಲ್ಲೂ ಬಂದು ಕೂತ ಮೇಲೆ ಗಂಡ ಹೆಂಡತಿ ರಾತ್ರಿ ಬಾಗಿಲು ಹಾಕಿಕೊಂಡು ಗೂಗಲ್‌ನಲ್ಲಿ ಹುಡುಕುತ್ತಾರೆ. ಮೊದಲು ಕಂಡ 800 ನಂಬರಿಗೆ ಫೋನ್ ಮಾಡುತ್ತಾರೆ. ಪಕ್ಕದ ರಸ್ತೆಯಲ್ಲೇ ಲಾಯರ್ ಬೋರ್ಡ್ ಇದ್ದರೂ ಅಲ್ಲಿಗೆ ಹೋಗುವುದಿಲ್ಲ. ಕನ್ನಡ ಸಂಘದಲ್ಲಿ ಯಾರಿಗಾದರೂ ಗೊತ್ತಾದರೆ ಮಾನ ಹೋಯಿತಲ್ಲ ಅನ್ನುವ ಭಯ.

ಈ ಭಯ ನಿಮ್ಮನ್ನು ತಪ್ಪು ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ನೀವು ಹೇಳಿದ್ದನ್ನು ಲಾಯರ್ ಹೊರಗೆ ಹೇಳುವಂತಿಲ್ಲ, ಅದು ಅವರ ವೃತ್ತಿಯ ನಿಯಮ. ಕೇಸಿನ ಕಾಗದಗಳು ಸಾರ್ವಜನಿಕ ದಾಖಲೆ, ನಿಜ. ಆದರೆ ಅದನ್ನು ನೋಡಬೇಕಾದರೆ ಪೇಸರ್ ಅನ್ನುವ ಕೋರ್ಟಿನ ಸೈಟಿಗೆ ಲಾಗಿನ್ ಆಗಿ, ನಿಮ್ಮ ಹೆಸರು ಹುಡುಕಿ, ಪುಟಕ್ಕೆ 10 ಸೆಂಟಿನ ಲೆಕ್ಕದಲ್ಲಿ ತೆಗೆಯಬೇಕು. ಯುಗಾದಿ ಕಾರ್ಯಕ್ರಮಕ್ಕೆ ಬರುವವರು ಯಾರೂ ಸುಮ್ನೆ ಕೂತು ಆ ಕೆಲಸ ಮಾಡುವುದಿಲ್ಲ. ಇನ್ನು ಖಾಸಗಿ ಕಂಪನಿ, ನೀವು ದಿವಾಳಿ ಅರ್ಜಿ ಹಾಕಿದಿರಿ ಅನ್ನುವ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ವೀಸಾ ಮೇಲಿರುವವರು ಹೆದರುತ್ತಾರೆ. ಅರ್ಜಿ ಹಾಕುವುದಕ್ಕೆ ಇಲ್ಲಿಯ ಪೌರತ್ವ ಬೇಕಿಲ್ಲ, ಇಲ್ಲಿ ವಾಸ ಇದ್ದರೆ ಸಾಕು. ಅರ್ಜಿಯಲ್ಲಿ ಸುಳ್ಳು ಬರೆದರೆ ಮಾತ್ರ ಕಥೆ ಬೇರೆ.

ಸರಿ, ಹತ್ತಿರದವರೇ ಯಾಕೆ? ಕಾಯ್ದೆ ಇಡೀ ದೇಶಕ್ಕೆ ಒಂದೇ ಅಲ್ವಾ ಅಂತ ಕೇಳಬಹುದು. ಹೌದು, ಇದು ಫೆಡರಲ್ ಕಾಯ್ದೆ, ಅಂದರೆ ಕೇಂದ್ರ ಸರ್ಕಾರದ್ದು. ಚಾಪ್ಟರ್ 7 ಅಂದರೆ ಇರುವ ಆಸ್ತಿಯಲ್ಲಿ ರಕ್ಷಣೆ ಇಲ್ಲದ್ದನ್ನು ಮಾರಿ, ಉಳಿದ ಸಾಲದ ಹೆಚ್ಚಿನ ಪಾಲನ್ನು ಮನ್ನಾ ಮಾಡುವುದು. ಚಾಪ್ಟರ್ 13 ಅಂದರೆ 3ರಿಂದ 5 ವರ್ಷ ತಿಂಗಳು ತಿಂಗಳು ಕಂತು ಕಟ್ಟುವುದು. ಇವೆರಡೂ ಎಲ್ಲ ಕಡೆ ಒಂದೇ. ಆದರೆ ಮಾರುವುದು ಯಾವುದನ್ನು, ಬಿಡುವುದು ಯಾವುದನ್ನು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದಕ್ಕೆ ಎಕ್ಸೆಂಪ್ಷನ್ ಅನ್ನುತ್ತಾರೆ. ಟೆಕ್ಸಸ್‌ನಲ್ಲಿ ನೀವು ವಾಸ ಇರುವ ಮನೆಗೆ ಜಾಗದ ಅಳತೆಯ ಮಿತಿ ಇದೆ, ಬೆಲೆಯ ಮಿತಿ ಇಲ್ಲ. ನ್ಯೂಜೆರ್ಸಿಯಲ್ಲಿ ಮನೆಗೆ ಅಂತ ರಾಜ್ಯದ ಎಕ್ಸೆಂಪ್ಷನ್ನೇ ಇಲ್ಲ, ಅಲ್ಲಿ ಬಹಳ ಜನ ಫೆಡರಲ್ ಪಟ್ಟಿಯನ್ನು ಆರಿಸಿಕೊಳ್ಳುತ್ತಾರೆ. 2025ರ ಏಪ್ರಿಲ್‌ನಿಂದ ಆ ಪಟ್ಟಿಯಲ್ಲಿ ಮನೆಗೆ ಸಿಗುವ ರಕ್ಷಣೆ 31,575 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ಪಟ್ಟಿ ನಡೆಯುವುದೇ ಇಲ್ಲ. ಅಲ್ಲಿ ರಾಜ್ಯದ್ದೇ ಎರಡು ಪಟ್ಟಿ, ಅವುಗಳಲ್ಲಿ ಒಂದನ್ನು ಹಿಡಿಯಬೇಕು.

ಇದರ ಮೇಲೆ ಇನ್ನೊಂದು ಗಂಟು. ನಮ್ಮವರು ಕೆಲಸದ ಹಿಂದೆ ಊರು ಬದಲಿಸುವುದು ಜಾಸ್ತಿ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ 6 ವರ್ಷ ಇದ್ದು 10 ತಿಂಗಳ ಹಿಂದೆ ಟೆಕ್ಸಸ್‌ನ ಡಲ್ಲಾಸ್ ಕಡೆಗೆ ಬಂದು ಮನೆ ಕೊಂಡ ಒಬ್ಬರನ್ನು ಊಹಿಸಿಕೊಳ್ಳಿ. ಅವರು ಅರ್ಜಿ ಹಾಕುವುದು ಟೆಕ್ಸಸ್‌ನಲ್ಲಿ, ಯಾಕಂದರೆ ಕೋರ್ಟ್ ಯಾವುದು ಅನ್ನುವುದಕ್ಕೆ ಹಿಂದಿನ 180 ದಿನದ ವಾಸ ನೋಡುತ್ತಾರೆ. ಆದರೆ ಎಕ್ಸೆಂಪ್ಷನ್‌ಗೆ 730 ದಿನದ ಲೆಕ್ಕ. ಅಷ್ಟು ದಿನ ಟೆಕ್ಸಸ್‌ನಲ್ಲಿ ಕಳೆದಿಲ್ಲವಾದ್ದರಿಂದ ಮನೆಯನ್ನು ನ್ಯೂಜೆರ್ಸಿಯ ಲೆಕ್ಕದಲ್ಲೇ ನೋಡುತ್ತಾರೆ. ಟೆಕ್ಸಸ್‌ನಲ್ಲಿ ಮನೆ ಮುಟ್ಟುವುದಿಲ್ಲವಂತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಹೇಳಿದ್ದನ್ನು ನಂಬಿ ಇವರು ಅರ್ಜಿ ಹಾಕಿಬಿಟ್ಟರೆ ಮನೆಯೇ ಕೈತಪ್ಪಬಹುದು. ಇನ್ನೊಂದು ವರ್ಷ ಚಿಲ್ಲರೆ ಕಾಯ್ದು ಹಾಕಿದರೆ ಲೆಕ್ಕ ಬೇರೆ ಆಗುತ್ತದೆ. ಆಗಲೂ ಮನೆ ಕೊಂಡು 1,215 ದಿನ ಆಗಿದೆಯೋ ಇಲ್ಲವೋ ಅಂತ ಇನ್ನೊಂದು ಪ್ರಶ್ನೆ ಇದೆ. ದೂರದ ಕಾಲ್ ಸೆಂಟರ್‌ನಲ್ಲಿ ಫಾರ್ಮ್ ತುಂಬುವವರು ಇಷ್ಟೆಲ್ಲ ಕೆದಕಿ ಕೇಳುತ್ತಾರೆ ಅನ್ನುವ ನಂಬಿಕೆ ನನಗಿಲ್ಲ.

ಕೋರ್ಟಿನ ಗಡಿಗಳೂ ವಿಚಿತ್ರ. ಅರ್ವಿಂಗ್‌ನಲ್ಲಿದ್ದರೆ ನಿಮ್ಮದು ಟೆಕ್ಸಸ್‌ನ ನಾರ್ದರ್ನ್ ಡಿಸ್ಟ್ರಿಕ್ಟ್. ಕಾರಿನಲ್ಲಿ ಅರ್ಧ ಗಂಟೆ ಹೋಗಿ ಪ್ಲೇನೋ ಸೇರಿದರೆ ಅದು ಈಸ್ಟರ್ನ್ ಡಿಸ್ಟ್ರಿಕ್ಟ್. ಕೋರ್ಟ್ ಬೇರೆ, ಜಡ್ಜ್ ಬೇರೆ, ಟ್ರಸ್ಟಿಗಳು ಬೇರೆ.

ಟ್ರಸ್ಟಿ ಅಂದೆನಲ್ಲ, ಅದು ಮುಖ್ಯ. ಚಾಪ್ಟರ್ 7ರಲ್ಲಿ ನೀವು ಎದುರಿಸುವುದು ಜಡ್ಜ್‌ಗಿಂತ ಜಾಸ್ತಿ ಈ ಟ್ರಸ್ಟಿಯನ್ನು. ನಿಮ್ಮ ಆಸ್ತಿ ನೋಡಿ, ಮಾರಬೇಕಾದ್ದನ್ನು ಮಾರುವವರು ಇವರೇ. ಅವರು ಸರ್ಕಾರಿ ನೌಕರರಲ್ಲ, ಆ ಭಾಗದ ಪಟ್ಟಿಯಿಂದ ನೇಮಕ ಆದವರು, ಮಾರಿ ಬಂದ ಹಣದಲ್ಲಿ ಅವರಿಗೂ ಪಾಲಿದೆ. ಅರ್ಜಿ ಹಾಕಿದ ಮೇಲೆ 21ರಿಂದ 40 ದಿನದೊಳಗೆ 341 ಮೀಟಿಂಗ್ ಅಂತ ಒಂದು ನಡೆಯುತ್ತದೆ. ಈಗ ಹೆಚ್ಚಾಗಿ ಜೂಮ್‌ನಲ್ಲೇ. ಟ್ರಸ್ಟಿ ಪ್ರಮಾಣ ಮಾಡಿಸಿ ಕೇಳುತ್ತಾರೆ: ಸಹಿ ಹಾಕುವ ಮೊದಲು ಅರ್ಜಿ ಓದಿದ್ದೀರಾ? ಎಲ್ಲ ಆಸ್ತಿ ಬರೆದಿದ್ದೀರಾ? ಯಾರಿಗಾದರೂ ಏನಾದರೂ ದಾಟಿಸಿದ್ದೀರಾ? ಸಾಮಾನ್ಯ ಕೇಸಾದರೆ ಕೆಲವೇ ನಿಮಿಷ. ಯಾವ ಟ್ರಸ್ಟಿ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದೊಂದು ಸಾಲು ಹಿಡಿದು ಕೇಳುತ್ತಾರೆ, ಯಾರು ಮನೆಯ ಬೆಲೆಯನ್ನು ಮತ್ತೆ ಕಟ್ಟಿಸುತ್ತಾರೆ, ಇದೆಲ್ಲ ವರ್ಷಗಟ್ಟಲೆ ಅವರ ಮುಂದೆ ಕೂತ ಲಾಯರ್‌ಗೆ ಬಾಯಿಪಾಠ. ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ ಫೋನಿನಲ್ಲಿ ದುಭಾಷಿಯನ್ನು ಪುಕ್ಕಟೆ ಕೊಡುತ್ತಾರೆ, ಲಾಯರ್‌ಗೆ ಮೊದಲೇ ಹೇಳಿಟ್ಟಿರಿ.

ಈಗ ನಾನು ಅತಿ ಮುಖ್ಯ ಅಂತ ತಿಳಿದಿರುವ ವಿಷಯ. ಲಾಯರ್ ಹತ್ತಿರ ಹೋಗುವ ಮೊದಲು ದಯವಿಟ್ಟು ಏನೂ ಮಾಡಬೇಡಿ. ಹೆಚ್ಚಿನವರು ಕೆಡುವುದೇ ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದ ಕೆಡುತ್ತಾರೆ. ಬ್ಯಾಂಕಿನವರದು ಹಾಳಾಗಲಿ, ಭಾವನ ಹತ್ತಿರ ಕೈಸಾಲ ತಂದಿದ್ದೆ, ಅದನ್ನಾದರೂ ತೀರಿಸಿ ಮುಖ ಉಳಿಸಿಕೊಳ್ಳೋಣ ಅಂತ ಕಡೆಯ 8,000 ಡಾಲರ್ ಭಾವನಿಗೆ ಕಳಿಸುತ್ತಾರೆ. ಹತ್ತಿರದ ಸಂಬಂಧಿಕರಿಗೆ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಹೀಗೆ ತೀರಿಸಿದ ಸಾಲವನ್ನು ಟ್ರಸ್ಟಿ ವಾಪಸ್ ಕೇಳಬಹುದು. ಕೊಡದಿದ್ದರೆ ಭಾವನ ಮೇಲೇ ಕೇಸು. ಮಾನ ಉಳಿಸಲು ಮಾಡಿದ್ದೇ ಮಾನ ಕಳೆಯುತ್ತದೆ. ಕಾರನ್ನು ಸುಮ್ನೆ ತಮ್ಮನ ಹೆಸರಿಗೆ ಬರೆದುಕೊಟ್ಟರೂ ಅಷ್ಟೇ. ಫೆಡರಲ್ ಕಾಯ್ದೆಯಲ್ಲಿ 2 ವರ್ಷ ಹಿಂದಕ್ಕೆ ನೋಡುತ್ತಾರೆ, ಎಷ್ಟೋ ರಾಜ್ಯಗಳ ಕಾಯ್ದೆಯಲ್ಲಿ ಇನ್ನೂ ಹಿಂದಕ್ಕೆ.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು 401ಕೆ ಹಣದ ವಿಷಯದಲ್ಲಿ. ಆ ನಿವೃತ್ತಿ ಹಣಕ್ಕೆ ದಿವಾಳಿ ಕೇಸಿನಲ್ಲಿ ಗಟ್ಟಿ ರಕ್ಷಣೆ ಇದೆ, ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಜನ ಅದನ್ನೇ ಒಡೆದು, ಟ್ಯಾಕ್ಸು ಕಟ್ಟಿ, 59ವರೆ ವರ್ಷದ ಒಳಗಿದ್ದರೆ ಸಾಮಾನ್ಯವಾಗಿ ಮೇಲೆ 10 ಪರ್ಸೆಂಟ್ ದಂಡವನ್ನೂ ತೆತ್ತು, ಉಳಿದದ್ದನ್ನು ಕಾರ್ಡ್ ಕಂಪನಿಗೆ ಸುರಿಯುತ್ತಾರೆ. ಆರು ತಿಂಗಳಾದ ಮೇಲೆ ಹೇಗೂ ದಿವಾಳಿ ಅರ್ಜಿ ಹಾಕುತ್ತಾರೆ. ಮೊದಲೇ ಲಾಯರ್ ಎದುರು ಒಂದು ಗಂಟೆ ಕೂತಿದ್ದರೆ ಆ ಹಣ ಮುದಿಕಾಲಕ್ಕೆ ಉಳಿಯುತ್ತಿತ್ತು.

ಊರಿನ ಆಸ್ತಿಯ ಬಗ್ಗೆ ಹೇಳಲೇಬೇಕು. ಅರ್ಜಿಯಲ್ಲಿ ನಿಮ್ಮ ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಬರೆಯಬೇಕು. ಬೆಂಗಳೂರಿನ ಸೈಟು, ಅಮ್ಮನ ಜೊತೆ ಜಂಟಿಯಾಗಿರುವ ಬ್ಯಾಂಕ್ ಖಾತೆ, ಅಣ್ಣತಮ್ಮಂದಿರಲ್ಲಿ ಇನ್ನೂ ಪಾಲಾಗದ ಪಿತ್ರಾರ್ಜಿತ ಜಮೀನಿನಲ್ಲಿ ನಿಮ್ಮ ಭಾಗ, ಎಲ್ಲ. ಇಲ್ಲಿ ಕೂತವರಿಗೆ ಹಾಸನದ ಹೊಲ ಹೇಗೆ ಗೊತ್ತಾಗುತ್ತದೆ ಅಂತ ಅನ್ನಿಸಬಹುದು. ಟ್ಯಾಕ್ಸ್ ರಿಟರ್ನ್‌ನಲ್ಲಿ ಬಾಡಿಗೆ ತೋರಿಸಿರುತ್ತೀರಿ, ಬ್ಯಾಂಕಿನಿಂದ ಹಣ ಕಳಿಸಿದ ಗುರುತಿರುತ್ತದೆ, ಇಲ್ಲವೇ ಮುನಿಸಿಕೊಂಡ ನೆಂಟರೊಬ್ಬರು ಪತ್ರ ಬರೆಯುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ಸಾಲ ಮನ್ನಾ ಆಗದೇ ಹೋಗಬಹುದು, ಮೇಲೆ 5 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಅರ್ಜಿ ಹಾಕಿ 180 ದಿನದೊಳಗೆ ಯಾರಾದರೂ ತೀರಿಕೊಂಡು ನಿಮಗೆ ಆಸ್ತಿ ಬಂದರೆ ಅದೂ ಕೇಸಿನ ಲೆಕ್ಕಕ್ಕೆ ಸೇರುತ್ತದೆ. ಊರಿನಲ್ಲಿ ಹಿರಿಯರಿಗೆ ಹುಷಾರಿಲ್ಲದಿದ್ದರೆ ಹೇಳಲು ಎಷ್ಟೇ ಕಷ್ಟವಾದರೂ ಲಾಯರ್‌ಗೆ ಹೇಳಿ.

ಹಾಗಾದರೆ ಯಾರನ್ನು ಹಿಡಿಯುವುದು? ನಿಮ್ಮ ಮನೆ ರಿಜಿಸ್ಟ್ರೇಷನ್ ಮಾಡಿಸಿದ ಲಾಯರ್ ಬೇಡ, ಎಚ್1ಬಿ ವೀಸಾ ಮಾಡಿಸಿದವರೂ ಬೇಡ. ಅವರು ಒಳ್ಳೆಯವರೇ, ಇದು ಅವರ ಕೆಲಸ ಅಲ್ಲ. ಕನ್ನಡ ಮಾತಾಡುವವರೇ ಬೇಕು ಅಂತ ಹಟವೂ ಬೇಡ. ನಿಮ್ಮ ರಾಜ್ಯದ ಬಾರ್, ಅಂದರೆ ಲಾಯರ್‌ಗಳ ಸಂಸ್ಥೆಯ ಸೈಟಿನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಇದೆಯೋ, ಶಿಸ್ತುಕ್ರಮ ಏನಾದರೂ ಆಗಿದೆಯೋ ಗೊತ್ತಾಗುತ್ತದೆ. ಟೆಕ್ಸಸ್, ಕ್ಯಾಲಿಫೋರ್ನಿಯಾದಂಥ ಕಡೆ ದಿವಾಳಿ ಕಾಯ್ದೆಯಲ್ಲೇ ಪರಿಣತರು ಅಂತ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಇದೆ. ದಿವಾಳಿ ಕೋರ್ಟಿನ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಒಂದು ಬೆಳಗ್ಗೆ ಕೂತು ನೋಡಿ. ಯಾವ ಲಾಯರ್ ಫೈಲ್ ಓದಿಕೊಂಡು ಬಂದಿದ್ದಾರೆ, ಯಾರು ಕಕ್ಷಿದಾರನ ಹೆಸರನ್ನೇ ಕಾಗದ ನೋಡಿ ಹೇಳುತ್ತಾರೆ ಅಂತ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಮೊದಲ ಭೇಟಿಯಲ್ಲಿ ನಾನಾದರೆ ಕೇಳುವುದು, 341 ಮೀಟಿಂಗ್ ದಿನ ನನ್ನ ಪಕ್ಕ ಕೂರುವವರು ಯಾರು ಅಂತ. ಕೆಲವು ದೊಡ್ಡ ಆಫೀಸುಗಳಲ್ಲಿ ಲಾಯರ್ ಮುಖ ತೋರಿಸುವುದು ಜಾಹೀರಾತಿನಲ್ಲಿ ಮಾತ್ರ. ಅರ್ಜಿ ತುಂಬುವವರು ಸಿಬ್ಬಂದಿ, ಮೀಟಿಂಗಿಗೆ ಬರುವವರು ನಿಮ್ಮನ್ನು ಎಂದೂ ನೋಡಿರದ ಬಾಡಿಗೆ ಲಾಯರ್. ಇನ್ನೊಂದು ಪ್ರಶ್ನೆ, ಈಗಲೇ ಹಾಕಬೇಕೋ, ಕಾಯಬೇಕೋ. ಕೆಲಸ ಹೋದವರಿಗೆ ಇದು ತುಂಬ ಮುಖ್ಯ. ಚಾಪ್ಟರ್ 7ಕ್ಕೆ ಅರ್ಹರೋ ಅಂತ ನೋಡುವಾಗ ಅರ್ಜಿಗೆ ಹಿಂದಿನ 6 ತಿಂಗಳ ಆದಾಯವನ್ನು ನಿಮ್ಮ ರಾಜ್ಯದ ಮಧ್ಯಮ ಆದಾಯದ ಜೊತೆ ಹೋಲಿಸುತ್ತಾರೆ. ಲೇಆಫ್ ಆದ ಮರುತಿಂಗಳೇ ಹಾಕಿದರೆ ಹಳೆಯ ಸಂಬಳ, ಕೆಲಸದಿಂದ ತೆಗೆಯುವಾಗ ಕಂಪನಿ ಕೊಟ್ಟ ಸೆವೆರೆನ್ಸ್ ಹಣ ಎರಡೂ ಲೆಕ್ಕಕ್ಕೆ ಸೇರಿ ನೀವು ಶ್ರೀಮಂತರಂತೆ ಕಾಣುತ್ತೀರಿ. ಮೂರು ನಾಲ್ಕು ತಿಂಗಳು ತಡೆದರೆ ಅಂಕಿ ತಾನಾಗಿ ಇಳಿಯುತ್ತದೆ. ಇದನ್ನು ನೀವು ಕೇಳುವ ಮೊದಲೇ ಎತ್ತುವ ಲಾಯರ್ ಸಿಕ್ಕರೆ ಅವರನ್ನು ಬಿಡಬೇಡಿ.

ಫೀಸು. ಕೋರ್ಟಿಗೆ ಚಾಪ್ಟರ್ 7ಕ್ಕೆ 338 ಡಾಲರ್, 13ಕ್ಕೆ 313. ಇದನ್ನು ಕಂತಿನಲ್ಲೂ ಕಟ್ಟಬಹುದು, ತೀರಾ ಕಡಿಮೆ ಆದಾಯದವರಿಗೆ 7ರಲ್ಲಿ ಮಾಫಿ ಕೂಡ ಉಂಟು. ಲಾಯರ್ ಫೀಸು ಊರೂರಿಗೆ ಬೇರೆ. 7ರಲ್ಲಿ ಸಾಮಾನ್ಯವಾಗಿ ಅರ್ಜಿಗೆ ಮೊದಲೇ ಪೂರ್ತಿ ಕೇಳುತ್ತಾರೆ, 13ರಲ್ಲಿ ಬಹುಪಾಲು ಕಂತಿನೊಳಗೇ ಸೇರಿಸುತ್ತಾರೆ. ಹಾಗಾಗಿ ಕೈಯಲ್ಲಿ ಕಾಸಿಲ್ಲದವರನ್ನು, 7 ಸಾಕಾಗಿದ್ದರೂ, 13ಕ್ಕೆ ತಳ್ಳುವವರೂ ಇದ್ದಾರೆ. ಮನೆಯ ಕಂತು ಬಾಕಿ ಇದ್ದು ಮನೆ ಉಳಿಸಿಕೊಳ್ಳಬೇಕಾದರೆ 13 ಸರಿಯೇ. ಅಂಥದ್ದೇನೂ ಇಲ್ಲದೆ 5 ವರ್ಷದ ನೊಗ ಯಾಕೆ ಅಂತ ನೇರವಾಗಿ ಕೇಳಿ. ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಬರವಣಿಗೆಯಲ್ಲಿ ಒಪ್ಪಂದ ಕೊಡುವುದು ಅವರ ಕಾನೂನು ಬಾಧ್ಯತೆ. ಇನ್ನು ನನ್ನ ಫೀಸಿಗೆ ನಿಮ್ಮ ಕ್ರೆಡಿಟ್ ಕಾರ್ಡ್ ಉಜ್ಜಿಬಿಡಿ, ಹೇಗೂ ಮನ್ನಾ ಆಗುತ್ತೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಹಾಗೆ ಸಲಹೆ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ.

ಅರ್ಜಿ ತುಂಬಿಕೊಡುತ್ತೇವೆ ಅನ್ನುವ ಪಿಟಿಷನ್ ಪ್ರಿಪೇರರ್‌ಗಳು ಬೇರೆ. ಅವರು ಟೈಪ್ ಮಾಡಬಹುದು, ಕಾನೂನು ಸಲಹೆ ಕೊಡುವಂತಿಲ್ಲ. ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ ಅನ್ನುವ ಫೋನ್ ಕಂಪನಿಗಳು ಕೆಲಸ ಮಾಡುವ ಮೊದಲೇ ಫೀಸು ಕೇಳಬಾರದು ಅಂತ 2010ರಿಂದ ನಿಯಮ ಇದೆ. ಕೇಳಿದರೆ ಅಲ್ಲಿಗೇ ಫೋನ್ ಇಡಿ.

ಕೋರ್ಟಿನಿಂದ ಸಮನ್ಸ್ ಬಂದು ಕೂತಿದ್ದರೆ ಮಾತ್ರ ಇಷ್ಟೆಲ್ಲ ವಿಚಾರಿಸುತ್ತಾ ವಾರಗಟ್ಟಲೆ ಕೂರಬೇಡಿ. ಅದಕ್ಕೆ ಉತ್ತರ ಕೊಡುವ ಗಡುವು ಓಡುತ್ತಿರುತ್ತದೆ. ಫೋನ್ ಮಾಡಿದಾಗ ಮೊದಲು ಅದನ್ನೇ ಹೇಳಿ, ಅಪಾಯಿಂಟ್‌ಮೆಂಟ್ ಬೇಗ ಕೊಡುತ್ತಾರೆ. ಹೋಗುವಾಗ ಆ ಕಾಗದ, 6 ತಿಂಗಳ ಪೇಸ್ಲಿಪ್, ಕಳೆದ ಎರಡು ವರ್ಷದ ಟ್ಯಾಕ್ಸ್ ರಿಟರ್ನ್, ಎಲ್ಲ ಕಾರ್ಡುಗಳ ಸ್ಟೇಟ್‌ಮೆಂಟ್ ಹಿಡಿದು ಹೋಗಿ. ಊರಿನಲ್ಲಿ ಜಮೀನಿದ್ದರೆ ತಮ್ಮನಿಗೆ ಹೇಳಿ ಪಹಣಿಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅದರಲ್ಲಿ ನಿಮ್ಮ ಹೆಸರಿದೆಯೋ, ಇನ್ನೂ ಅಜ್ಜನ ಹೆಸರೇ ಇದೆಯೋ ಅಂತ ಮೊದಲೇ ನೋಡಿಕೊಂಡಿರಿ, ಲಾಯರ್ ಕೇಳಿದಾಗ ಹೇಳಲು ಬೇಕಾಗುತ್ತದೆ. ನಮಸ್ಕಾರ.