ಬಾಳೆಹಣ್ಣನ್ನು ಕ್ರಾಪ್ ಮಾಡಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ವಿಷಯ.

ನಮ್ಮ ಬೆಂಗಳೂರಿನ ಹಕ್ಕಿ ಫೋಟೋ ಮಂದಿಯಲ್ಲಿ ಎರಡು ಬಣ ಇದೆ. ಒಂದು ಬಣ ರಜೆ ಸಿಕ್ಕರೆ ಸಾಕು, ಲಕ್ಷಗಟ್ಟಲೆ ಸುರಿದು ಕೋಸ್ಟರಿಕಾನೋ ಈಕ್ವೆಡಾರೋ ಅಂತ ಹೊರಡುತ್ತದೆ. ಅಲ್ಲಿ ಲಾಡ್ಜ್ ಜಗಲಿಯಲ್ಲಿ ಕಾಫಿ ಹಿಡಿದು ಕೂತು, ಹಲಗೆ ಮೇಲಿಟ್ಟ ಬಾಳೆಹಣ್ಣಿಗೆ ಬರುವ ಹಕ್ಕಿಗಳನ್ನು ಕಾರ್ಡ್ ತುಂಬುವ ತನಕ ಕ್ಲಿಕ್ಕಿಸುತ್ತದೆ. ಇನ್ನೊಂದು ಬಣ ಆ ಫೋಟೋ ನೋಡಿ ಮೂಗು ಮುರಿಯುತ್ತದೆ. "ಫೀಡರ್ ಶಾಟ್ ಅಲ್ವಾ? ಅದೇನು ಮಹಾ." ನನಗೆ ಎರಡೂ ಬಣದ ಮೇಲೆ ತಕರಾರಿದೆ. ಫೀಡರ್ ಅಂದರೆ ಹಕ್ಕಿಗೆ ಹಣ್ಣು ಇಡುವ ಹಲಗೆ, ಸಕ್ಕರೆ ನೀರು ತುಂಬಿ ನೇತುಹಾಕುವ ಡಬ್ಬಿ, ಇಂಥವು. ಅದರ ಮುಂದೆ ಕೂತು ಹಕ್ಕಿ ನೋಡುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಫೋಟೋದಲ್ಲಿ ಅದನ್ನು ಯಾಕೆ ಬಚ್ಚಿಡುತ್ತೀರಿ?

ಬಚ್ಚಿಡುವ ಕೆಲಸ ಹೇಗೆ ನಡೆಯುತ್ತದೆ ಅಂದರೆ, ಹಣ್ಣಿನ ಹಲಗೆ ಪಕ್ಕ ಪಾಚಿ ಹಿಡಿದ ಒಂದು ಕೊಂಬೆ ಕಟ್ಟಿರುತ್ತಾರೆ. ಹಣ್ಣಿಗೆ ಇಳಿಯುವ ಮೊದಲು ಹಕ್ಕಿ ಅದರ ಮೇಲೆ ಒಂದು ಗಳಿಗೆ ಕೂರುತ್ತದೆ. ಎಲ್ಲರ ಲೆನ್ಸೂ ಆ ಕೊಂಬೆ ಮೇಲೇ. ಹಮ್ಮಿಂಗ್‌ಬರ್ಡ್ ಆದರಂತೂ ಇನ್ನೂ ಜೋರು. ಹೂವಿನೊಳಗೆ ಸಿರಿಂಜಿನಲ್ಲಿ ಸಕ್ಕರೆ ನೀರು ಬಿಟ್ಟು, ಸುತ್ತ ನಾಲ್ಕೈದು ಫ್ಲ್ಯಾಶ್ ನಿಲ್ಲಿಸಿ, ಹಿಂದೆ ಹಸಿರು ಪ್ರಿಂಟ್ ಹಾಕಿದ ಬೋರ್ಡ್ ಇಟ್ಟು ತೆಗೆಯುತ್ತಾರೆ. ಸೆಕೆಂಡಿಗೆ 50 ಸಲ ಬಡಿಯುವ ರೆಕ್ಕೆ ಅಲ್ಲಾಡದೆ ನಿಂತಂತೆ ಕಾಣುವುದು ಆ ಫ್ಲ್ಯಾಶ್‌ಗಳಿಂದ. ಅದಕ್ಕೂ ಕೈಚಳಕ ಬೇಕು, ಒಪ್ಪುತ್ತೇನೆ. ಆದರೆ ಕೆಳಗೆ 'ಮಳೆಕಾಡಿನ ಆಳದಲ್ಲಿ' ಅಂತ ಬರೆದು ಹಾಕುತ್ತೀರಲ್ಲ, ಅಲ್ಲಿ ನನಗೆ ಉರಿಯುತ್ತದೆ. ಆಳ ಎಲ್ಲಿಂದ ಬಂತು ಸ್ವಾಮಿ? ನಿಮ್ಮ ಬೆನ್ನ ಹಿಂದೆಯೇ ವೈಫೈ ಪಾಸ್‌ವರ್ಡ್ ಅಂಟಿಸಿದ ಗೋಡೆ ಇದೆ.

ಹೀಗೆ ಹಲಗೆ, ಹಣ್ಣನ್ನೆಲ್ಲ ಫ್ರೇಮಿನಿಂದ ಕತ್ತರಿಸಿ ಕ್ರಾಪ್ ಮಾಡುವುದರಲ್ಲಿ ಕಳೆದುಹೋಗುವುದೇ ಫೀಡರ್‌ನ ನಿಜವಾದ ಮಜಾ. ಸ್ವಲ್ಪ ಹೊತ್ತು ಕ್ಯಾಮೆರಾ ಮಡಿಲಲ್ಲಿಟ್ಟು ನೋಡಿ. ಕೋಸ್ಟರಿಕಾದಲ್ಲಿ ಕಂದು ಬಾಲದ ಒಂದು ಹಮ್ಮಿಂಗ್‌ಬರ್ಡ್ ಇದೆ, ತೋಟದಲ್ಲೆಲ್ಲ ಕಾಣುವ ಹಕ್ಕಿ, ಮಹಾ ಜಗಳಗಂಟ. ಫೀಡರ್‌ಗೆ ನಾಲ್ಕು ತೂತು ಇರುತ್ತದೆ, ಕುಡಿಯುವುದಕ್ಕೆ ಇದಕ್ಕೆ ಬೇಕಾಗಿರುವುದು ಒಂದು. ಆದರೂ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಇಡೀ ಸೀಟು ಹಿಡಿಯುವವರ ಹಾಗೆ ನಾಲ್ಕೂ ತನ್ನದೇ ಅನ್ನುತ್ತದೆ. ಪಕ್ಕದ ಕಡ್ಡಿ ಮೇಲೆ ಕಾವಲು ಕೂರುತ್ತದೆ. ಒಂದು ಬಂತು, ಅಟ್ಟಿಸಿಕೊಂಡು ಹೋಯಿತು. ಅದು ಆ ಕಡೆ ಹೋದ ತಕ್ಷಣ ಈ ಕಡೆಯಿಂದ ಎರಡು ಬಂದು ಗುಟುಕರಿಸಿ ಪರಾರಿ. ಹಣ್ಣಿನ ಹಲಗೆಯಲ್ಲಿ ಇನ್ನೊಂದು ನಾಟಕ. ನೀಲಿ, ಹಸಿರು, ಕೆಂಪು ಟ್ಯಾನೇಜರ್ ಹಕ್ಕಿಗಳೆಲ್ಲ ಪಪ್ಪಾಯಿಗೆ ಮುತ್ತಿರುತ್ತವೆ. ಹಳದಿ ಬಾಲದ ದಪ್ಪ ಓರೋಪೆಂಡೋಲ ಬಂದು ಇಳಿದರೆ ಹಲಗೆ ಖಾಲಿ. ಟೂಕನ್ ಅಷ್ಟು ದೊಡ್ಡ ಕೊಕ್ಕಿನ ತುದಿಯಲ್ಲಿ ಚೂರು ಹಣ್ಣು ಕಚ್ಚಿ, ತಲೆ ಹಿಂದಕ್ಕೆ ಎಸೆದು ಗಂಟಲಿಗೆ ಹಾರಿಸಿಕೊಳ್ಳುತ್ತದೆ. ಇದೆಲ್ಲ ಫೋಟೋದಲ್ಲಿ ಬರಬೇಕಾದರೆ ಹಲಗೆ ಕಾಣಲೇಬೇಕು, ಅಲ್ವಾ?

ಬಣ್ಣದ ವಿಷಯವೂ ಹಾಗೇ. ಹಮ್ಮಿಂಗ್‌ಬರ್ಡ್ ಕೊರಳು ಒಮ್ಮೆ ಕರಿ, ತಲೆ ಕೊಂಚ ತಿರುಗಿಸಿದರೆ ನೇರಳೆಯೋ ಕೆಂಪೋ ಝಗ್ಗೆನ್ನುತ್ತದೆ. ಅದು ಬಳಿದ ಬಣ್ಣವಲ್ಲ, ಗರಿಯೊಳಗಿನ ಸೂಕ್ಷ್ಮ ಪದರಗಳಿಗೆ ಬೆಳಕು ತಾಗಿ ಚಿಮ್ಮುವ ಬಣ್ಣ. ಬೆಳಕು ನಿಮ್ಮ ಬೆನ್ನ ಕಡೆ ಇದ್ದರೆ ಮಾತ್ರ ಸಿಗುತ್ತದೆ. ಸುಮ್ನೆ ಕೂತು ನೋಡಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಒಂದೇ ಸಮನೆ ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಒತ್ತಿಕೊಂಡೇ ಇರುವವರಿಗೆ ಊರಿಗೆ ಬಂದು ಕಂಪ್ಯೂಟರಿಗೆ ಹಾಕಿದಾಗ, ಸಾವಿರ ಕರಿ ಕೊರಳು.

ಇನ್ನೊಂದು ಗಂಭೀರ ಕಾರಣ ಇದೆ. ನೀವು ಫೀಡರ್ ಕ್ರಾಪ್ ಮಾಡಿದರೆ ಅದರ ಕೊಳಕನ್ನೂ ಕ್ರಾಪ್ ಮಾಡಿದ ಹಾಗೆ. ಬ್ರಿಟನ್‌ನಲ್ಲಿ 2005ರ ಈಚೆಗೆ ಗ್ರೀನ್‌ಫಿಂಚ್ ಅನ್ನುವ ಹಕ್ಕಿಗೆ ಗಂಟಲಿನ ರೋಗ ಬಂದು ಅದರ ಸಂಖ್ಯೆ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಎಂಜಲಾದ ಕಾಳು, ನೀರಿನ ಮೂಲಕ ಹರಡುವ ರೋಗ ಅದು, ಎಲ್ಲ ಹಕ್ಕಿಗಳೂ ಒಂದೇ ಕಡೆ ಸೇರುವ ಫೀಡರ್‌ಗಳಲ್ಲಿ ಸಲೀಸಾಗಿ ಹಬ್ಬಿತು. ಸಕ್ಕರೆ ನೀರಿನದ್ದೂ ಒಂದು ಲೆಕ್ಕ ಇದೆ: 1 ಪಾಲು ಸಕ್ಕರೆಗೆ 4 ಪಾಲು ನೀರು, ಅಷ್ಟೇ. ಜೇನು ಬೇಡ, ಕೆಂಪು ಬಣ್ಣ ಬೇಡ. ಬಿಸಿಲಿಗೆ ಬೇಗ ಹುಳಿಯುತ್ತದೆ, ಚೆಲ್ಲಿ ತೊಳೆದು ಹೊಸದು ತುಂಬಬೇಕು. ತೂತಿನ ಸುತ್ತ ಕಪ್ಪು ಬೂಷ್ಟು ಕಟ್ಟಿದೆಯೋ ಇಲ್ಲವೋ ಅನ್ನುವುದು ನಿಮ್ಮ ಪೂರ್ತಿ ಫ್ರೇಮಿನಲ್ಲಿ ಕಾಣುತ್ತದೆ. ಮುಂದೆ ಅದೇ ಲಾಡ್ಜ್ ಬುಕ್ ಮಾಡುವವರಿಗೆ ಅದಕ್ಕಿಂತ ಒಳ್ಳೆ ರಿವ್ಯೂ ಬೇಡ.

ಹಾಗಾದರೆ ಫೀಡರೇ ಬೇಡ ಅನ್ನುವವರಿಗೆ ಒಬ್ಬ ರೈತನ ಕಥೆ. ಈಕ್ವೆಡಾರ್‌ನ ಮಿಂಡೋ ಹತ್ತಿರ ಆಂಹೆಲ್ ಪಾಸ್ ಅಂತ ಇದ್ದಾರೆ. ಮೊದಲು ಮರ ಕಡಿದು ಬದುಕುತ್ತಿದ್ದವರು. ಕಾಡಿನ ನೆಲದಲ್ಲಿ ಅವಿತು ಓಡಾಡುವ ಜೈಂಟ್ ಆಂಟ್‌ಪಿಟ್ಟಾ ಅನ್ನುವ ಹಕ್ಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಎರೆಹುಳು ಹಾಕುತ್ತಾ ಹಾಕುತ್ತಾ ಕರೆದರೆ ಬರುವಷ್ಟು ಪಳಗಿಸಿದರು, ಮರಿಯಾ ಅಂತ ಹೆಸರಿಟ್ಟರು. ಅದನ್ನು ನೋಡೋಕೆ ಜಗತ್ತಿನ ಎಲ್ಲ ಕಡೆಯಿಂದ ಜನ ಬಂದರು, ಆ ಕಾಡು ಉಳಿಯಿತು. ಹುಳು ಹಾಕಿ ಕರೆಯುವುದು ನನಗೆ ಅಷ್ಟು ಇಷ್ಟವಾಗದ ಸಂಗತಿ, ಆದರೂ ಈ ಮನುಷ್ಯನ ಎದುರು ನನ್ನ ಬಾಯಿ ಕಟ್ಟುತ್ತದೆ. ಹಕ್ಕಿಗೆ ಬೇಕೆನಿಸಿದರೆ ಬರುತ್ತದೆ, ಬೇಡವಾದರೆ ಇಲ್ಲ. ಮೊಬೈಲ್‌ನಲ್ಲಿ ಅದರ ಕೂಗು ಹಾಕಿ, ಇನ್ನೊಂದು ಗಂಡು ಬಂತೆಂದು ಅದು ಮೈ ಉಬ್ಬಿಸಿಕೊಂಡು ಜಗಳಕ್ಕೆ ಬರುವ ಹಾಗೆ ಮಾಡುತ್ತಾರಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ. ಕೂಗು ಹಾಕುವವರೇ ಫೀಡರ್‌ನವರನ್ನು ಆಡಿಕೊಳ್ಳುವುದು ನೋಡಿದರೆ ನಗು ಬರುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಜೋಯಿಡಾದ ಗಣೇಶಗುಡಿಗೆ ಹೋಗಿ. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಕಟ್ಟಡ ಈಗ ಓಲ್ಡ್ ಮ್ಯಾಗಜಿನ್ ಹೌಸ್. ಅಲ್ಲಿನ ಆಕರ್ಷಣೆ ಹಣ್ಣೂ ಅಲ್ಲ ಸಕ್ಕರೆಯೂ ಅಲ್ಲ, ಬರೀ ನೀರಿನ ತೊಟ್ಟಿಗಳು. ಕೆಂಪು ಕೊರಳಿನ ಪಿಕಳಾರ ದಡದಲ್ಲಿ ಕೂತು, ಆ ಕಡೆ ಈ ಕಡೆ ನೋಡಿ, ಪಟಪಟ ಅಂತ ಮುಳುಗಿ, ಗರಿಯೆಲ್ಲ ಮುದ್ದೆಯಾಗಿ ಮೇಲೆ ಬಂದು ಮೈ ಕೊಡವುತ್ತದೆ. ಅಷ್ಟರಲ್ಲಿ ಇನ್ನೊಂದು ಕಾಯುತ್ತಿರುತ್ತದೆ. ರಾಜಹಕ್ಕಿ ಉದ್ದ ಬಾಲ ಎಳೆದುಕೊಂಡು ನೀರಿಗೆ ಡೈವ್ ಹೊಡೆಯುತ್ತದೆ. ಇದಕ್ಕೆ ಪಾಸ್‌ಪೋರ್ಟ್ ಬೇಡ.

ಬೆಂಗಳೂರು ಬಿಟ್ಟು ಕದಲಲು ಆಗದವರು ಬೀದಿಯ ಗಸಗಸೆ ಹಣ್ಣಿನ ಮರದ ಕೆಳಗೆ ನಿಲ್ಲಿ. ಆ ಮರ ಮೂಲತಃ ಅಮೆರಿಕ ಖಂಡದ ಉಷ್ಣ ನಾಡಿನದ್ದು, ಟೂಕನ್‌ಗಳ ಊರಿನದೇ. ಇಲ್ಲಿ ಅದರ ಕೆಂಪು ಹಣ್ಣಿಗೆ ಕೋಗಿಲೆ, ಕುಟುರ, ಪಿಕಳಾರ, ಹೆಬ್ಬೆರಳಷ್ಟು ಬದನಿಕೆ ಹಕ್ಕಿ ಎಲ್ಲ ಬರುತ್ತವೆ. ತುಂಬುವ ಕೆಲಸ ಇಲ್ಲ, ತೊಳೆಯುವ ಕೆಲಸ ಇಲ್ಲ. ಕರೆಂಟ್ ವೈರ್ ಅಡ್ಡ ಬರುತ್ತದೆ ಅಂತ ಯಾರೂ ಫೋಟೋ ತೆಗೆಯುವುದಿಲ್ಲ ಅಷ್ಟೇ. ತೆಗೆಯಿರಿ. ವೈರ್ ಸಮೇತ ಹಾಕಿ. ಫೋನ್‌ನಲ್ಲಿ ಅದನ್ನು ಅಳಿಸುವ ಬಟನ್ ಇದೆ ಅಂತ ನನಗೂ ಗೊತ್ತು, ಮುಟ್ಟಬೇಡಿ.