ಊಟದ ಮೇಜಿನ ಜಗಳವೇ ನಿಜವಾದ ಫೈಟ್ ಸೀನ್

ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ ಅಂತ ಎಷ್ಟೋ ಸಿನಿಮಾಗಳಿಗೆ ಹೆಸರು. ನಿಜಕ್ಕೂ ಆಗುವುದೇನು? ಮಕ್ಕಳು ಸಿನಿಮಾ ನೋಡುತ್ತಾರೆ, ದೊಡ್ಡವರು ಪಕ್ಕದಲ್ಲಿ ಕೂತು ಮೊಬೈಲ್ ಉಜ್ಜುತ್ತಿರುತ್ತಾರೆ. ಇವತ್ತು ನಾನು ಮಾತಾಡುವುದು ಮೊಬೈಲ್ ಕೆಳಗಿಡಿಸುವ ಸಿನಿಮಾ ಬಗ್ಗೆ. 2004ರಲ್ಲಿ ಅಮೆರಿಕದ ಅನಿಮೇಷನ್ ಸ್ಟುಡಿಯೋ ಪಿಕ್ಸಾರ್ ತಂದ 'ದಿ ಇನ್‌ಕ್ರೆಡಿಬಲ್ಸ್'. ಸೂಪರ್‌ಹೀರೋಗಳಿಗೆ ನಿಷೇಧ ಬಿದ್ದ ಮೇಲೆ ತಮ್ಮ ಶಕ್ತಿ ಮುಚ್ಚಿಟ್ಟುಕೊಂಡು ಎಲ್ಲರಂತೆ ಬದುಕುವ ಒಂದು ಮನೆಯ ಕಥೆ. ನಿರ್ದೇಶಕ ಬ್ರ್ಯಾಡ್ ಬರ್ಡ್.

ಇದು ಎಲ್ಲರಿಗೂ ಯಾಕೆ ಹಿಡಿಸುತ್ತದೆ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಮಕ್ಕಳಿಗೆ ಫೈಟು, ದೊಡ್ಡವರಿಗೆ ಜೋಕು. ನಾನಂತೂ ಇದನ್ನು ಒಪ್ಪುವುದಿಲ್ಲ. ಹಾಗೆ ಪಾಲು ಹಾಕಿ ಮಾಡಿದ ಸಿನಿಮಾಗಳು ಬೇಕಾದಷ್ಟಿವೆ. ಅಲ್ಲಿ ಒಬ್ಬರಿಗೆ ನಗು ಬಂದರೆ ಇನ್ನೊಬ್ಬರಿಗೆ ಆಕಳಿಕೆ ಬರುತ್ತದೆ. ಇಲ್ಲಿ ಒಂದೇ ಸೀನು ಎಲ್ಲರಿಗೂ ತಾಗುತ್ತದೆ. ಆದರೆ ತಾಗುವ ಜಾಗ ಮಾತ್ರ ಬೇರೆ ಬೇರೆ.

ಯಾರಿಗೆ ಯಾವ ಶಕ್ತಿ ಕೊಟ್ಟಿದ್ದಾರೆ ನೋಡಿ. ಅಪ್ಪ ಬಾಬ್‌ಗೆ ತೋಳ್ಬಲ. ಅಮ್ಮ ಹೆಲೆನ್ ಎಲ್ಲಿಗೆ ಬೇಕಾದರೂ ಎಳೆದುಕೊಳ್ಳುವ ರಬ್ಬರಿನ ಮೈಯವಳು. ಹದಿಹರೆಯದ ಮಗಳು ವಯೊಲೆಟ್ ಕಣ್ಣಿಗೆ ಕಾಣದಂತೆ ಮಾಯವಾಗುತ್ತಾಳೆ, ಸುತ್ತ ರಕ್ಷಣೆಯ ಗೋಳವನ್ನೂ ಹಾಕಬಲ್ಲಳು. ಒಂದು ಕಡೆ ಕೂರಲಾಗದ ಹುಡುಗ ಡ್ಯಾಶ್‌ಗೆ ಓಟ. ಮಗು ಜಾಕ್-ಜಾಕ್ ಮುಂದೆ ಏನಾಗುತ್ತಾನೋ ಯಾರಿಗೂ ಗೊತ್ತಿಲ್ಲ. ಇದು ಸುಮ್ನೆ ಹಂಚಿದ್ದಲ್ಲ. ಮನೆಯಲ್ಲಿ ಒಬ್ಬೊಬ್ಬರ ಪಾಡು ಏನೋ ಅದಕ್ಕೆ ತಕ್ಕ ಹಾಗೆ ಶಕ್ತಿ ಕೊಟ್ಟೆ ಅಂತ ಬರ್ಡ್ ಅವರೇ ಹೇಳಿದ್ದಾರೆ. ನಾಲ್ಕು ಕಡೆಯಿಂದ ಎಳೆಸಿಕೊಳ್ಳುವ ಅಮ್ಮ, ಯಾರ ಕಣ್ಣಿಗೂ ಬೀಳಬಾರದು ಅನ್ನುವ ಮಗಳು. ಇವರು ನಮಗೆ ಹೊಸಬರೇನಲ್ಲ, ಅಲ್ವಾ?

ನನ್ನ ಪ್ರಕಾರ ಇಡೀ ಸಿನಿಮಾದ ಅತಿ ದೊಡ್ಡ ಫೈಟ್ ನಡೆಯುವುದು ಊಟದ ಮೇಜಿನಲ್ಲಿ. ಡ್ಯಾಶ್ ಶಾಲೆಯಲ್ಲಿ ಟೀಚರ್ ಕುರ್ಚಿಗೆ ಪಿನ್ ಇಟ್ಟು ಬಂದಿದ್ದಾನೆ. ಕ್ಯಾಮೆರಾಗೂ ಸಿಗದಷ್ಟು ವೇಗ. ಅಮ್ಮ ದೂರು ಹೇಳುತ್ತಿದ್ದರೆ ಅಪ್ಪನಿಗೆ ಒಳಗೊಳಗೇ ಖುಷಿ, ಎಷ್ಟು ಸ್ಪೀಡಿನಲ್ಲಿ ಓಡಿದೆಯೋ ಅಂತ ವಿಚಾರಿಸುತ್ತಾನೆ! ಅಷ್ಟರಲ್ಲಿ ಡ್ಯಾಶ್ ಅಕ್ಕನನ್ನು ಒಬ್ಬ ಹುಡುಗನ ಹೆಸರು ಹೇಳಿ ರೇಗಿಸುತ್ತಾನೆ. ಶುರುವಾಯಿತು. ಅವಳು ಮಾಯವಾಗಿ ಹೊಡೆಯುತ್ತಾಳೆ, ಇವನು ಮೇಜಿನ ಸುತ್ತ ಗಿರಗಿರ ಓಡುತ್ತಾನೆ. ಅಮ್ಮ ಕೂತಲ್ಲಿಂದಲೇ ಕೈ ಉದ್ದ ಮಾಡಿ ಇಬ್ಬರನ್ನೂ ಬಿಡಿಸಲು ಹೋಗಿ ತಾನೇ ಸಿಕ್ಕಿಹಾಕಿಕೊಳ್ಳುತ್ತಾಳೆ. ಅಪ್ಪನ ಗಮನ ಪೇಪರಿನಲ್ಲಿ! ಕೊನೆಗೆ ಬಂದವನು ಮೇಜನ್ನೇ ಎತ್ತಿ ಹಿಡಿಯುತ್ತಾನೆ. ಮಗು ಕೇಕೆ ಹಾಕುತ್ತದೆ. ಆಗ ಕಾಲಿಂಗ್ ಬೆಲ್ ಆಗುತ್ತದೆ. ಕ್ಷಣದಲ್ಲಿ ಎಲ್ಲರೂ ತಂತಮ್ಮ ಜಾಗದಲ್ಲಿ, ಏನೂ ಆಗೇ ಇಲ್ಲ ಅನ್ನುವ ಮುಖದಲ್ಲಿ. ಮಕ್ಕಳು ಇಲ್ಲಿ ಶಕ್ತಿ ನೋಡಿ ನಗುತ್ತಾರೆ. ದೊಡ್ಡವರು ನಗುವುದು ಬೆಲ್ ಆದ ಮೇಲಿನ ಆ ಮುಖಗಳಿಗೆ.

ಇದು ಅನಿಮೇಷನ್ ಆಗಿದ್ದಕ್ಕೇ ಸಾಧ್ಯವಾಯಿತು. ಬಾಬ್ ಈಗ ಇನ್ಶೂರೆನ್ಸ್ ಕಂಪನಿಯ ನೌಕರ. ಅವನ ಭುಜ ಆಫೀಸಿನ ಪುಟ್ಟ ಗೂಡಿನಲ್ಲಿ ಹಿಡಿಸುವುದಿಲ್ಲ, ಮೈ ಕಾರಿನಲ್ಲಿ ಹಿಡಿಸುವುದಿಲ್ಲ. ಇಷ್ಟವಿಲ್ಲದ ಕೆಲಸದಲ್ಲಿ ಸಿಕ್ಕಿಬಿದ್ದ ಮನುಷ್ಯ ಅಂತ ಡೈಲಾಗಿನಲ್ಲಿ ಹೇಳುವ ಬದಲು ಅವನ ಮೈಯನ್ನು ಹಾಗೆ ಬಿಡಿಸಿಯೇ ತೋರಿಸಿದ್ದಾರೆ. ನಟನೊಬ್ಬನಿಗೆ ಅಂಥ ಮೈ ಎಲ್ಲಿಂದ ತರುತ್ತೀರಿ?

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ವಿಮಾನದ ಸೀನು. ಕ್ಷಿಪಣಿಗಳು ಬೆನ್ನು ಹತ್ತಿವೆ. ವಿಮಾನದ ಸುತ್ತ ರಕ್ಷಣೆಯ ಗೋಳ ಹಾಕು ಅಂತ ಹೆಲೆನ್ ಮಗಳಿಗೆ ಕೂಗಿ ಹೇಳುತ್ತಾಳೆ. ವಯೊಲೆಟ್ ಕೈಯಲ್ಲಿ ಆಗುವುದಿಲ್ಲ. ಅಷ್ಟು ದಿನ ಶಕ್ತಿ ಬಳಸಬೇಡ ಅಂತ ಹೇಳಿದವಳೂ ಇದೇ ಅಮ್ಮ! ವಿಮಾನ ಸಿಡಿಯುವಾಗ ಹೆಲೆನ್ ಮಕ್ಕಳನ್ನು ತನ್ನ ಮೈಯಲ್ಲೇ ಸುತ್ತಿಕೊಳ್ಳುತ್ತಾಳೆ, ಬೀಳುವಾಗ ಪ್ಯಾರಾಚೂಟ್ ಆಗುತ್ತಾಳೆ, ನೀರಿಗೆ ಬಿದ್ದ ಮೇಲೆ ದೋಣಿ. ಡ್ಯಾಶ್‌ನ ಕಾಲೇ ಮೋಟರ್. ದಡ ಸೇರಿ ಗುಹೆಯಲ್ಲಿ ಕೂತಾಗ ವಯೊಲೆಟ್ ಕ್ಷಮೆ ಕೇಳಲು ಬರುತ್ತಾಳೆ. ಅಮ್ಮ ತಡೆಯುತ್ತಾಳೆ. ಇದ್ದಕ್ಕಿದ್ದಂತೆ ನಿನ್ನಿಂದ ಅಷ್ಟೊಂದು ಬಯಸಿದ್ದು ನನ್ನದೇ ತಪ್ಪು ಅನ್ನುತ್ತಾಳೆ. ಮಗಳ ಮುಂದೆ ಹೀಗೆ ತಪ್ಪೊಪ್ಪಿಕೊಳ್ಳುವ ಅಮ್ಮ ಸೂಪರ್‌ಹೀರೋ ಸಿನಿಮಾದಲ್ಲಿ ಎಷ್ಟು ಸಲ ಸಿಗುತ್ತಾಳೆ ಹೇಳಿ.

2018ರಲ್ಲಿ ಎರಡನೇ ಭಾಗ ಬಂತು. ಅಮ್ಮ ಕೆಲಸಕ್ಕೆ, ಅಪ್ಪ ಮನೆಗೆ. ವಿಲನ್ ಕಥೆ ಮೊದಲನೆಯದರಷ್ಟು ಗಟ್ಟಿ ಇಲ್ಲ. ಆದರೆ ಡ್ಯಾಶ್‌ನ ಗಣಿತದ ಹೋಂವರ್ಕ್ ಮುಂದೆ ಬಾಬ್ ಸೋಲುವ ಸೀನು ಇದೆ ನೋಡಿ, ಅದಕ್ಕೇ ಟಿಕೆಟ್ ದುಡ್ಡು ಸರಿಹೋಯಿತು. ನಮ್ಮ ಕಾಲದಲ್ಲಿ ಲೆಕ್ಕ ಹೀಗಿರಲಿಲ್ಲ ಅಂತ ಕೂಗಾಡುತ್ತಾನೆ. ಆಮೇಲೆ ರಾತ್ರಿ ಕೂತು ತಾನೇ ಕಲಿತು ಮಗನಿಗೆ ಹೇಳಿಕೊಡುತ್ತಾನೆ. ಮೊದಲ ಭಾಗದಲ್ಲಿ ರೈಲು ತಡೆದು ನಿಲ್ಲಿಸಿದ ಮನುಷ್ಯ!

ಇವತ್ತೇ ಹಾಕಿಬಿಡೋಣ ಅಂದುಕೊಂಡವರಿಗೆ ಒಂದು ಮಾತು. ಅಮೆರಿಕದಲ್ಲಿ ಪಿಜಿ ರೇಟಿಂಗ್, ಅಂದರೆ ಮಕ್ಕಳು ನೋಡಲು ದೊಡ್ಡವರ ಮಾರ್ಗದರ್ಶನ ಬೇಕು ಅನ್ನುವ ರೇಟಿಂಗ್, ಸಿಕ್ಕಿದ ಮೊದಲ ಪಿಕ್ಸಾರ್ ಸಿನಿಮಾ ಈ ಮೊದಲ ಭಾಗ. ಈ ಕೆಟ್ಟವರು ಟಿವಿಯಲ್ಲಿ ಬರುವ ಕೆಟ್ಟವರಂತಲ್ಲ, ಮಕ್ಕಳು ಅಂತ ನೋಡದೆ ಕೊಲ್ಲುತ್ತಾರೆ ಅಂತ ಹೆಲೆನ್ ತನ್ನ ಮಕ್ಕಳಿಗೆ ನೇರವಾಗಿಯೇ ಹೇಳುತ್ತಾಳೆ. ತೀರಾ ಚಿಕ್ಕವರಿದ್ದರೆ ಆ ಹೊತ್ತಿಗೆ ಪಕ್ಕದಲ್ಲಿರಿ. ಒಟ್ಟು 115 ನಿಮಿಷ. ಮೊದಲನೆಯದನ್ನೇ ಮೊದಲು ನೋಡಿ, ಯಾಕೆಂದರೆ ಎರಡನೆಯದು ಶುರುವಾಗುವುದೇ ಅದು ಮುಗಿದ ಜಾಗದಿಂದ.