ಬೋಲ್ಟು ತಿರುಗಿಸುವ ಕೈ

ಎಲ್ಲರಿಗೂ ನಮಸ್ಕಾರ.

ನಮ್ಮ ಕಾರನ್ನು ನಾವೇ ರಿಪೇರಿ ಮಾಡುವ ಬಗ್ಗೆ ಮಾತು ಶುರು ಮಾಡುವ ಮುಂಚೆ ಒಂದು ವಸ್ತು ಕಳಿಸುತ್ತಿದ್ದೇನೆ. ಕೈಯಿಂದ ಕೈಗೆ ದಾಟಿಸಿ ನೋಡಿ. ಅದು ಒಂದು ಬೋಲ್ಟಿನ ತಲೆ. ಮೈ ಇಲ್ಲ. ಮೈ ನನ್ನ ಹಳೇ ಕಾರಿನ ಎಂಜಿನ್ ಒಳಗೆ ಉಳಿದುಕೊಂಡಿತ್ತು, ಅದನ್ನು ಹೊರಗೆ ತೆಗೆಯಲು ಒಂದು ಇಡೀ ದಿನ ಹಿಡಿಯಿತು.

ಆಗಿದ್ದು ಇಷ್ಟು. ಎಂಜಿನ್ ಮೇಲಿನ ಮುಚ್ಚಳದಿಂದ ಆಯಿಲ್ ಒಸರುತ್ತಿತ್ತು. ಸೋರಿಕೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿದೆ, ಸರಿಯಾಗಿಯೇ ಕೂತಿತು. ಬೋಲ್ಟುಗಳನ್ನೂ ಬಿಗಿ ಮಾಡಿದೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಕೈ ಸುಮ್ನೆ ಇರಬೇಕಲ್ಲ? ‘ಇನ್ನೊಂಚೂರು ಇರಲಿ’ ಅಂತ ಉದ್ದನೆಯ ರ‍್ಯಾಚೆಟ್ ಹಾಕಿ ತಿರುಗಿಸಿದೆ. ಬೋಲ್ಟು ಗಟ್ಟಿ, ಗಟ್ಟಿ, ಇನ್ನೂ ಗಟ್ಟಿ ಆಗುತ್ತಾ ಹೋಗಿ ಒಮ್ಮೆಲೇ ಬೆಣ್ಣೆಯ ಹಾಗೆ ಮೆತ್ತಗಾಯಿತು. ಆ ಮೆತ್ತನೆಯ ಅನುಭವ ನೆನಪಿಟ್ಟುಕೊಳ್ಳಿ. ಉಕ್ಕು ಹಿಗ್ಗಲು ಶುರು ಮಾಡಿದಾಗ ಕೈಗೆ ಗೊತ್ತಾಗುವುದು ಹಾಗೆ. ಅಲ್ಲಿಂದ ಮುಂದೆ ಕಾಲು ಸುತ್ತು ಹೋದರೆ ತಲೆ ನಿಮ್ಮ ಕೈಯಲ್ಲಿ.

ಹೊಸಬರು ಎಂಜಿನ್ ಕಂಡರೆ ಹೆದರುತ್ತಾರೆ. ನನ್ನ ಪ್ರಕಾರ ಹೆದರಬೇಕಾದ್ದು ಎಂಜಿನ್‌ಗಲ್ಲ, ನಮ್ಮ ಕೈಗೆ. ಒಂದು ಲೆಕ್ಕ ಹೇಳುತ್ತೇನೆ. ಅಂಥ ಸಣ್ಣ ಬೋಲ್ಟಿಗೆ, ಅಂದರೆ 6 ಮಿಲಿಮೀಟರ್ ದಪ್ಪದ್ದಕ್ಕೆ, ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಕು. 10 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ 10 ಕೆಜಿ ತೂಕ ನೇತು ಹಾಕಿದಷ್ಟು. ಚಕ್ರದ ನಟ್ಟಿಗೆ ಎಷ್ಟೋ ಕಾರುಗಳಲ್ಲಿ 100ರ ಆಸುಪಾಸು ಬೇಕು. ಹತ್ತು ಪಟ್ಟು ವ್ಯತ್ಯಾಸ! ಬೆಳಗ್ಗೆ ಚಕ್ರ ಬಿಚ್ಚಿದ ಕೈಗೆ ಮಧ್ಯಾಹ್ನ ಸಣ್ಣ ಬೋಲ್ಟಿನ ಅಳತೆ ಎಲ್ಲಿಂದ ಗೊತ್ತಾಗಬೇಕು? ಅದಕ್ಕೇ ಟಾರ್ಕ್ ರೆಂಚ್ ಇರುವುದು, ಇಟ್ಟ ಅಂಕಿ ಮುಟ್ಟಿದಾಗ ಟಕ್ ಅನ್ನುವ ರೆಂಚ್. ನಿಮ್ಮ ಕಾರಿನ ಸರಿಯಾದ ಅಂಕಿ ರಿಪೇರಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹೊಳೆಯುವ ದೊಡ್ಡ ಟೂಲ್ ಪೆಟ್ಟಿಗೆಗಿಂತ ಮೊದಲು ಇವೆರಡನ್ನು ತೆಗೆದುಕೊಳ್ಳಿ. ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ಸಾಕೆಟ್ ಕೊಳ್ಳುವಾಗ ಆರು ಮೂಲೆಯದ್ದನ್ನೇ ಆರಿಸಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ಬೋಲ್ಟಿನ ಅಂಚನ್ನು ಬೇಗ ಸವೆಸುತ್ತದೆ. 10 ಮಿಲಿಮೀಟರ್ ಸಾಕೆಟ್ ಎರಡು ಇರಲಿ. ಒಂದು ಕಳೆದೇ ಹೋಗುತ್ತದೆ, ಯಾಕೆ ಅಂತ ಕೇಳಬೇಡಿ.

ಎಲ್ಲಿಂದ ಶುರು ಮಾಡುವುದು? ಕಾರನ್ನು ಎತ್ತದೆ ಮಾಡುವ ಕೆಲಸದಿಂದ. ಏರ್ ಫಿಲ್ಟರ್, ವೈಪರ್, ಬ್ಯಾಟರಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್. ಕಾರಿನ ಮೈಯೆಲ್ಲ ಮೈನಸ್‌ಗೇ ಸೇರಿರುತ್ತದೆ, ಅಲ್ವಾ? ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿತೋ, ಅಲ್ಲೇ ಶಾರ್ಟ್, ಕಿಡಿಯ ಮಳೆ. ಮೈನಸ್ ಬಿಚ್ಚಿಟ್ಟಿದ್ದರೆ ತಾಗಿದರೂ ಏನೂ ಆಗದು. ಹಾಕುವಾಗ ಮೈನಸ್ ಕೊನೆಗೆ.

ಇನ್ನು ಕಾರಿನ ಕೆಳಗೆ ಹೋಗುವ ವಿಷಯ. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಆಯಿಲ್ ಒತ್ತಡದಿಂದ ಎತ್ತುವ ಜ್ಯಾಕ್ ಆದರೆ ಒಂದು ಸೀಲ್ ಸೋರಿದರೂ ಕಾರು ಕೆಳಗೆ ಬರುತ್ತದೆ. ಗಟ್ಟಿ ನೆಲ, ಚಕ್ರಕ್ಕೆ ಅಡ್ಡ, ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡು. ಆಮೇಲೆ ಹೊರಗೆ ನಿಂತು ಕಾರನ್ನು ಚೆನ್ನಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗೆ ಇರುವಾಗಲೇ ಬೀಳಲಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್, ಸಸ್ಪೆನ್ಷನ್ ಸ್ಪ್ರಿಂಗ್ – ಇವುಗಳ ತಂಟೆಗೆ ಈಗ ಹೋಗಬೇಡಿ.

ಆಯಿಲ್ ಬದಲಾಯಿಸುವಾಗ ಹಳೇ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದನ್ನು ಹಾಕಿದರೆ ಎರಡು ಉಂಗುರ ಒಂದರ ಮೇಲೊಂದು ಜಾರಿ, ಆಯಿಲ್ ಎಲ್ಲ ನೆಲಕ್ಕೆ. ಗೇರ್‌ಬಾಕ್ಸ್ ಆಯಿಲ್ ಆದರೆ, ಮೊದಲು ಮೇಲಿನ, ತುಂಬುವ ಪ್ಲಗ್ ಬಿಚ್ಚುತ್ತದಾ ನೋಡಿ, ಆಮೇಲೆ ಕೆಳಗಿನದು. ಆಯಿಲೆಲ್ಲ ಸುರಿದ ಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬಿಚ್ಚದಿದ್ದರೆ? ಕಾರು ನಿಂತಲ್ಲೇ ನಿಂತಿತು.

ನನಗೆ ಜಾಸ್ತಿ ಖುಷಿ ಕೊಡುವುದು ಬಿಚ್ಚುವ ಕೆಲಸ ಅಲ್ಲ, ಹುಡುಕುವ ಕೆಲಸ. ಎಂಜಿನ್ ಲೈಟ್ ಹೊತ್ತಿತು, ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0301 ಅಂತ ತೋರಿಸಿತು ಅನ್ನಿ. ಒಂದನೇ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇರಬಹುದು, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಇರಬಹುದು, ಇಂಧನ ಚಿಮ್ಮಿಸುವ ಇಂಜೆಕ್ಟರ್ ಇರಬಹುದು. ಹೊಸಬರು ಇಲ್ಲೇ ದುಡ್ಡು ಸುರಿಯುವುದು, ಒಂದೊಂದೇ ಹೊಸದು ಕೊಂಡು ತಂದು. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರುವ ಕಾರಾದರೆ, ಒಂದನೇ ಕಾಯಿಲ್ಲನ್ನು ಎರಡನೆಯದರ ಜೊತೆ ಅದಲು ಬದಲು ಮಾಡಿ. ಕೋಡ್ ಅಳಿಸಿ, ಮತ್ತೆ ಓಡಿಸಿ. ಈಗ ಪಿ0302, ಅಂದರೆ ಎರಡನೇ ಸಿಲಿಂಡರ್, ಬಂದರೆ ಕಳ್ಳ ಸಿಕ್ಕಿದ. ಕಾಯಿಲ್ ಜೊತೆಗೇ ತೊಂದರೆಯೂ ಜಾಗ ಬದಲಿಸಿತು. ಒಂದು ಪೈಸೆ ಖರ್ಚಿಲ್ಲ. ಹಾಗೇ 0301 ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಪ್ಲಗ್ಗನ್ನು ಮಾತ್ರ ಮೊದಲು ಬರೀ ಬೆರಳಿನಿಂದ ತಿರುಗಿಸಿ ಕೂರಿಸಿ, ಎಂಜಿನ್ ತಣ್ಣಗಿರುವಾಗ. ಎಂಜಿನ್ ಕಡೆಯ ಥ್ರೆಡ್ ಹೆಚ್ಚಿನ ಕಾರುಗಳಲ್ಲಿ ಅಲ್ಯೂಮಿನಿಯಂ, ಓರೆಯಾಗಿ ಹತ್ತಿಸಿದರೆ ಮುಗಿಯಿತು.

ಸರಿ, ಈಗ ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ವೈಸ್‌ನಲ್ಲಿ ಉಕ್ಕಿನ ತುಂಡಿದೆ, ಅದರಲ್ಲಿ 6 ಮಿಲಿಮೀಟರ್ ಬೋಲ್ಟು. ಕಣ್ಣು ಮುಚ್ಚಿ ಬಿಗಿ ಮಾಡಿ, 10 ಆಯಿತು ಅನ್ನಿಸಿದಾಗ ನಿಲ್ಲಿಸಿ. ಆಮೇಲೆ 10ಕ್ಕೆ ಇಟ್ಟ ಟಾರ್ಕ್ ರೆಂಚ್ ಹಾಕುತ್ತೇನೆ. ಬೋಲ್ಟು ಅಲುಗಾಡದೆ ಟಕ್ ಅಂದರೆ ನೀವು ಆಗಲೇ ದಾಟಿದ್ದೀರಿ. ಮುರಿದರೂ ಪರವಾಗಿಲ್ಲ, ಡಬ್ಬಿ ತುಂಬ ಬೋಲ್ಟು ತಂದಿದ್ದೇನೆ.